ವೈಕುಂಠ ಏಕಾದಶಿಯಂದು ಕುಟ್ಟಿದ ಸಾರಿನ ಪುಡಿ

ಸತ್ಯನಾರಾಯಣ ಪೇಟೆ, ಬಳ್ಳಾರಿ
ಫೆಬ್ರವರಿ ೧೦, ೨೦೨೬, ಮಂಗಳವಾರ

ಚಿರಂಜೀವಿ ವಿಶ್ವಪ್ರಿಯನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ಹೊಟ್ಟೆಯ ಉರಿ ಕಡಿಮೆಯಾಯಿತೇ? ನೀನು ಹೈದರಾಬಾದಿಗೆ ಹೋಗಿ ಐದು ವಾರವಾಯಿತು. ಐದು ವಾರವೂ ಹೋಟೆಲಿನ ಊಟ ಎಂದರೆ ನಿನ್ನ ಹೊಟ್ಟೆ ಏನು ಹೇಳುತ್ತದೆ ಎಂಬುದು ಹೆತ್ತವಳಿಗೆ ಗೊತ್ತಿಲ್ಲವೇ? ಬೆಳಿಗ್ಗೆ ಎದ್ದ ಕೂಡಲೇ ಜೀರಿಗೆ ನೀರು ಕುಡಿ, ಕಾಫಿಯನ್ನು ಎರಡು ಲೋಟಕ್ಕೆ ನಿಲ್ಲಿಸು. ಬಂಡವಾಳ ಹಾಕುವವರ ಮುಂದೆ ಕೂತು ತೇಗುವುದು ಚೆನ್ನಾಗಿರುವುದಿಲ್ಲ. ನಿಮ್ಮ ಅಪ್ಪ ಆರಾಮಾಗಿದ್ದಾರೆ. ಬೆಳಿಗ್ಗೆ ಮೊಣಕಾಲು ನೋವೆಂದು ನರಳುತ್ತಾರೆ, ಸಾಯಂಕಾಲ ಅದೇ ಮೊಣಕಾಲಿನಲ್ಲಿ ಸರ್ಕಲ್ಲಿನವರೆಗೆ ನಡೆದುಹೋಗಿ ಮಿರ್ಚಿ ತಿಂದು ಬರುತ್ತಾರೆ. ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾರೆ. ಅಂಗಿಯ ಜೇಬು ಒಗೆಯುವವಳು ನಾನೇ ಅಲ್ಲವೇ, ಎಣ್ಣೆಯ ಕಲೆ ಮಾತಾಡುತ್ತದೆ. ಶ್ರೀಪ್ರಿಯಾ ತವರಿನಿಂದ ಶನಿವಾರ ಬರುತ್ತಾಳಂತೆ. ನಿನ್ನ ಹೆಂಡತಿಗೆ ದಿನಕ್ಕೊಮ್ಮೆಯಾದರೂ ಫೋನ್ ಮಾಡು, ಅವಳೂ ನನ್ನ ಹತ್ತಿರವೇ ನಿನ್ನ ಸುದ್ದಿ ಕೇಳುತ್ತಾಳೆ.

ಫೋನ್ ಇರುವಾಗ ಮುದುಕಿ ಪತ್ರ ಬರೆಯಲು ಯಾಕೆ ಕೂತಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನ್ ಮಾಡಿದರೆ ‘ಅಮ್ಮಾ, ಮೀಟಿಂಗ್‌ನ್ಯಾಗ ಅದೀನಿ, ಆಮ್ಯಾಲ ಮಾಡ್ತೀನಿ’ ಅನ್ನುತ್ತೀ. ಆ ‘ಆಮ್ಯಾಲ’ ಇವತ್ತಿನವರೆಗೆ ಬಂದಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಅರ್ಧ ಗಂಟೆ ಒಂದೊಂದೇ ಅಕ್ಷರ ಒತ್ತಿ ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತೀ. ತಾಯಿಗೆ ಹೆಬ್ಬೆರಳು ತೋರಿಸುವುದನ್ನು ಯಾವ ಸಾಲೆಯಲ್ಲಿ ಕಲಿತೆಯೋ ಪುಣ್ಯಾತ್ಮ. ಕಾಗದವಾದರೆ ನೀನು ನಡುವೆ ಕಟ್ ಮಾಡಲಾರೆ. ಸಿರುಗುಪ್ಪದ ಸರ್ಕಾರಿ ದಾಖಲೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಧೂಳು ಕುಡಿದವಳು ನಾನು. ಹೇಳಿದ ಮಾತಿಗಿಂತ ಬರೆದಿಟ್ಟ ಮಾತಿನ ಮೇಲೆ ನನಗೆ ಭರವಸೆ ಹೆಚ್ಚು. ಮೊನ್ನೆಯವರೆಗಂತೂ ಹೆಚ್ಚಿತ್ತು.

ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಹತ್ತಕ್ಕೆ ನಮ್ಮ ಬಾಗಿಲಲ್ಲಿ ಒಂದು ಆಟೊ ನಿಂತಿತು. ಪುಣೆಯಿಂದ ಬಂದ ಸುಶಮೀಂದ್ರ ರಾಯರು ಮತ್ತು ಅವರ ಹೆಂಡತಿ. ಮಂತ್ರಾಲಯದಲ್ಲಿ ಏಕಾದಶಿ ಉಪವಾಸ ಮಾಡಿ, ದ್ವಾದಶಿಯ ಪಾರಣೆ ಮುಗಿಸಿ, ನನ್ನನ್ನು ನೋಡಬೇಕೆಂದೇ ಬಳ್ಳಾರಿಗೆ ಇಳಿದಿದ್ದರು. ರಾಯರ ಕೈಯಲ್ಲಿ ನಿನ್ನ ಕಂಪನಿಯ ಸಾರಿನ ಪುಡಿಯ ಪೊಟ್ಟಣ, ‘ಮಡಿಬುತ್ತಿ’. ಪೊಟ್ಟಣದ ಬೆನ್ನಿಗಿರುವ ಕಪ್ಪು ಚೌಕಕ್ಕೆ ಫೋನ್ ಹಿಡಿದರೆ ಅದರ ಜಾತಕವೆಲ್ಲ ಕಾಣಿಸುತ್ತದಲ್ಲ, ಅದರಲ್ಲಿ ನನ್ನ ಫೋಟೋ ನೋಡಿದ್ದಾರೆ. ಕಚ್ಚೆ ಹಾಕಿ ಮಡಿ ಸೀರೆ ಉಟ್ಟು ಒನಕೆ ಹಿಡಿದು ನಿಂತ ನಾನು, ಕೆಳಗೆ ‘ಕುಟ್ಟಿದವರು: ಇಂದಿರಾಬಾಯಿ. ಸ್ನಾನ, ಮಡಿ: ದೃಢಪಟ್ಟಿದೆ’ ಎಂಬ ಸಾಲು. ಆ ಹೆಣ್ಣುಮಗಳು ಬಾಗಿಲಲ್ಲೇ ನನ್ನ ಕಾಲಿಗೆ ಬಿದ್ದಳು. ‘ನಮ್ಮ ದೇವರ ನೈವೇದ್ಯಕ್ಕ ನಿಮ್ಮ ಕೈಯಿಂದ ಪುಡಿ ಬರ್ತದ. ಆ ಕೈ ಒಮ್ಮೆ ನೋಡಬೇಕಂತ ಬಂದೇವ್ರಿ’ ಎಂದು ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದಳು. ನಾನೂ ನೋಡಿದೆ. ಫೈಲು ತಿರುವಿದ ಕೈ. ಅಂಗೈಯಲ್ಲಿ ಒಂದು ದಡ್ಡು ಇಲ್ಲ, ಉಗುರಿನ ಸಂದಿಯಲ್ಲಿ ಒಂದು ಚೂರು ಕೆಂಪಿಲ್ಲ. ‘ಮೆಂತ್ಯ ಎಷ್ಟು ಹುರೀತೀರ್ರಿ? ನಮ್ಮ ಮನ್ಯಾಗ ಮಾಡಿದ್ರ ಕಹಿ ಆಗ್ತದ, ನಿಮ್ಮದು ಆಗೂದಿಲ್ಲ’ ಎಂದಳು. ‘ಕೆಂಪಗಾಗೂತನಕ’ ಎಂದೆ. ‘ಅಯ್ಯ, ಅಷ್ಟು ಹುರದ್ರನ ಅಲ್ಲೇನ್ರಿ ಕಹಿ ಆಗೂದು?’ ಎಂದಳು ಪಾಪ, ವಿನಯದಿಂದಲೇ. ನಿಮ್ಮ ಅಪ್ಪ ಪೇಪರನ್ನು ಮುಖದ ಮುಂದೆ ಇನ್ನಷ್ಟು ಮೇಲೆತ್ತಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ರಾಯರು ಕನ್ನಡಕ ಏರಿಸಿಕೊಂಡು, ‘ತಪ್ಪು ತಿಳೀಬ್ಯಾಡ್ರಿ ತಾಯಿ, ಒಂದು ಸಂಶಯ ಅದ. ಈ ಪೊಟ್ಟಣದ ಪುಡಿ ಕುಟ್ಟಿದ ದಿವಸ ನೋಡ್ರಿ, ಅವತ್ತು ವೈಕುಂಠ ಏಕಾದಶಿ. ನೀವು ಏಕಾದಶಿಗೂ ಒನಕಿ ಹಿಡೀತೀರೇನು?’ ಎಂದರು. ಫೋನಿನ ತಾರೀಖು ತಪ್ಪಿರಬೇಕು ಎಂದು ಏನೋ ಬಡಬಡಿಸಿದೆ. ‘ತಪ್ಪಾಗಲಿಕ್ಕೆ ಸಾಧ್ಯನ ಇಲ್ಲಂತ ಇದರಾಗ ಬರದಾರಲ್ರಿ’ ಎಂದರು ಅವರು. ಹೌದು, ಬರೆದಿದೆ, ಬರೆಸಿದವನು ನೀನೇ. ಅವರು ನನ್ನನ್ನು ಬೈಯಲಿಲ್ಲ, ಜೋರಾಗಿ ಮಾತಾಡಲಿಲ್ಲ. ಮಂತ್ರಾಕ್ಷತೆ ಕೊಟ್ಟು ಎದ್ದು ಹೋದರು. ಪೊಟ್ಟಣವನ್ನು ಮಾತ್ರ ಕುರ್ಚಿಯ ಮೇಲೆಯೇ ಬಿಟ್ಟರು. ಮರೆತರೇನೋ ಎಂದರು ನಿಮ್ಮ ಅಪ್ಪ. ಮರೆಯುವ ವಯಸ್ಸು ನಿಮ್ಮ ಅಪ್ಪನದು, ಆ ರಾಯರದಲ್ಲ.

ಎರಡು ವರ್ಷದ ಹಿಂದೆ ನೀನು ಅಡುಗೆಮನೆಯ ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನನಗೆ ಪಾಠ ಹೇಳಿದ್ದು ನೆನಪಿದೆಯೇ? ‘ಅಮ್ಮಾ, ಇದು ಬ್ಲಾಕ್‌ಚೈನ್. ಒಂದು ಪುಟ ಬರದ್ರ ಅದಕ್ಕ ಬೀಗ. ಮುಂದಿನ ಪುಟದಾಗ ಹಿಂದಿನ ಪುಟದ ಗುರುತು. ನೂರು ಕಡೆ ನೂರು ಪ್ರತಿ. ಒಬ್ಬ ತಿದ್ದತೀನಂದ್ರ ಉಳಿದ ತೊಂಬತ್ತೊಂಬತ್ತು ಪ್ರತಿ ಅವನ್ನ ಹಿಡ್ಕೊಡ್ತಾವ.’ ಎಷ್ಟು ಹಿಗ್ಗಿದ್ದೆ ಗೊತ್ತೇ? ಮಗ ವ್ಯಾಪಾರಕ್ಕೆ ನಿಯತ್ತು ತರುತ್ತಿದ್ದಾನೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದೆ. ನೀನು ಪೊಟ್ಟಣದ ಮೇಲೆ ‘ನಂಬಬೇಡಿ, ನೋಡಿ’ ಎಂದು ಅಚ್ಚು ಹಾಕಿಸಿದೆ. ನೈತಿಕ ಉದ್ಯಮ, ಪಾರದರ್ಶಕ ಉದ್ಯಮ ಎಂದು ವೇದಿಕೆ ಹತ್ತಿ ಶಾಲು ಹೊದ್ದೆ. ಅಲ್ಲಪ್ಪಾ, ಬೀಗ ಗಟ್ಟಿ ಎಂದು ಎಲ್ಲರಿಗೂ ಬಡಿದು ತೋರಿಸಿದೆಯಲ್ಲ, ಪೆಟ್ಟಿಗೆಯೊಳಗೆ ಏನಿಟ್ಟೆ ಎಂದು ಒಬ್ಬರಾದರೂ ಕೇಳಿದರೇ? ನಿನ್ನ ಹೈದರಾಬಾದಿನವರು ಕೇಳುವುದಿಲ್ಲ. ಅವರಿಗೆ ಬೀಗದ ಮೇಲೇ ಪ್ರೀತಿ.

ಒಳಗಿಟ್ಟದ್ದು ಏನೆಂದು ನಿನಗೂ ಗೊತ್ತು, ನನಗೂ ಗೊತ್ತು. ಆರು ವರ್ಷದಿಂದ ಆ ಪುಡಿ ಹುರಿದು ಕುಟ್ಟುತ್ತಿರುವವಳು ಕೌಲ್ ಬಜಾರಿನ ರಹೀಮಾಬೀ, ಆಟೊ ಓಡಿಸುವ ಶಾಬುದ್ದೀನನ ಹೆಂಡತಿ, ಅವರ ಓಣಿಯ ಹಿಂದಿನ ಶೆಡ್ಡಿನಲ್ಲಿ. ಬ್ಲಾಕ್‌ಚೈನ್ ಶುರು ಮಾಡಿದ ದಿನ ಕುಟ್ಟಿದವರ ಹೆಸರು, ಫೋಟೋ ಬೇಕೆಂದಿತು ಅದು. ‘ಬರೇ ಫೋಟೋಕ್ಕ ಅಮ್ಮಾ. ರಹೀಮಾಬೀ ಫೋಟೋ ಹಾಕಿದ್ರ ಮಡಿಬುತ್ತಿ ಯಾರು ತಗೋತಾರ?’ ಎಂದೆ ನೀನು. ನಾನು ನಾಚಿಕೆಯಿಲ್ಲದೆ ಒಪ್ಪಿದೆ. ಪಕ್ಕದ ಮನೆಯ ಸಾವಂತ್ರಮ್ಮನ ಒನಕೆ ತರಿಸಿದೆ. ಸೀರೆಯ ಅಂಚು ಸೊಟ್ಟಗೆ ಬಂದಿದೆ ಎಂದು ಎರಡನೆಯ ಸಲ ಫೋಟೋ ತೆಗೆಸಿಕೊಂಡವಳು ನಾನೇ. ಆಮೇಲೆ ದಿನಾ ಬೆಳಿಗ್ಗೆ ಶೆಡ್ಡಿನಲ್ಲಿ ನಿನ್ನ ಮೇಲ್ವಿಚಾರಕ ಜಡೆಪ್ಪ ಕೆಲಸ ಶುರು ಮಾಡಿಸಿದ ಕೂಡಲೇ ನನ್ನ ಫೋನಿಗೆ ಪ್ರಶ್ನೆ ಬರುತ್ತದೆ: ‘ಸ್ನಾನ, ಮಡಿ, ತಯಾರಿ ನೀವೇ?’ ಕಾಫಿ ಲೋಟ ಕೆಳಗಿಟ್ಟು ‘ಹೌದು’ ಒತ್ತುತ್ತೇನೆ. ಏಕಾದಶಿಯ ದಿನ ಕಾಫಿ ಇಲ್ಲ, ಆದರೂ ಒತ್ತುತ್ತೇನೆ. ಕೈಯಲ್ಲಿ ಜಪಮಣಿ, ಇನ್ನೊಂದು ಕೈಯಲ್ಲಿ ಸುಳ್ಳು. ಥೂ, ಬರೆಯುವಾಗಲೇ ಮುಖ ಬಿಸಿಯಾಗುತ್ತಿದೆ.

ರಾಯರು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ. ಭಾನುವಾರ ನಿಮ್ಮ ಅಪ್ಪನ ಪಂಚಾಂಗ ಒಂದು ಕಡೆ, ಫೋನ್ ಒಂದು ಕಡೆ ಇಟ್ಟುಕೊಂಡು ಕೂತೆ. ಹಳೆಯ ಚಾಳಿ, ದಾಖಲೆ ಕಂಡರೆ ತಾಳೆ ನೋಡದೆ ಕೈ ಸುಮ್ಮನಿರುವುದಿಲ್ಲ. ನಿನ್ನೆಯವರೆಗೆ ಎಣಿಸಿದರೆ, ಎರಡು ವರ್ಷದಲ್ಲಿ ಇಂದಿರಾಬಾಯಿ ಎಂಬ ಮಡಿ ಹೆಂಗಸು ಆರುನೂರ ಹನ್ನೊಂದು ದಿನ ಪುಡಿ ಕುಟ್ಟಿದ್ದಾಳೆ. ಬಂದ ನಲವತ್ತೆಂಟು ಏಕಾದಶಿಗಳಲ್ಲಿ ನಲವತ್ತೊಂದಕ್ಕೆ ಕುಟ್ಟಿದ್ದಾಳೆ. ಉಳಿದ ಏಳನ್ನು ಬಿಟ್ಟದ್ದು ಭಕ್ತಿಯಿಂದಲ್ಲ, ಅವು ಭಾನುವಾರ ಬಿದ್ದಿದ್ದವು. ಆದರೆ ಎರಡು ರಂಜಾನ್ ಹಬ್ಬಕ್ಕೆ ರಜೆ, ಎರಡು ಬಕ್ರೀದಿಗೆ ರಜೆ. ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಎರಡು ವರ್ಷದಲ್ಲಿ ಒಂದು ಪೊಟ್ಟಣವೂ ಇಲ್ಲ. ರಂಜಾನ್ ತಿಂಗಳು ಪೂರ್ತಿ ಈ ವೈಷ್ಣವ ಮುದುಕಿ ಬೆಳಿಗ್ಗೆ ಆರಕ್ಕೇ ಒನಕೆ ಹಿಡಿದು ಮಧ್ಯಾಹ್ನಕ್ಕೆ ಬಿಡುತ್ತಾಳೆ. ನಾನು ಒಬ್ಬಳೇ ಕೂತು ನಕ್ಕೆ ವಿಶ್ವ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀನು ಹೆಸರು ಬದಲಿಸಿದೆ, ಫೋಟೋ ಬದಲಿಸಿದೆ. ಅವಳ ಹಬ್ಬ, ಅವಳ ಉಪವಾಸ ಹಾಗೇ ಉಳಿದುಬಿಟ್ಟಿದ್ದವು. ಪ್ರತಿ ಪುಟಕ್ಕೂ ನಿನ್ನದೇ ಬೀಗ. ಹಿಂದೂವೂ ಅಲ್ಲದ, ಮುಸಲ್ಮಾನಳೂ ಅಲ್ಲದ ಒಂದು ವಿಚಿತ್ರ ಪ್ರಾಣಿಯನ್ನು ಸೃಷ್ಟಿ ಮಾಡಿ ಅದಕ್ಕೆ ತಾಯಿಯ ಹೆಸರಿಟ್ಟಿದ್ದೀಯಲ್ಲೋ, ಇಷ್ಟು ಓದಿದ ಮಗನಿಗೆ ಸುಳ್ಳು ಹೇಳಲಿಕ್ಕೂ ಒಂದು ಪಂಚಾಂಗ ಬೇಕು ಎಂದು ಹೊಳೆಯಲಿಲ್ಲವೇ?

ಒಂದು ಕಡೆ ಹುಳುಕು ಕಂಡರೆ ಇನ್ನೊಂದು ಕಡೆಯೂ ನೋಡಬೇಕು. ಗುರುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ನಿಮ್ಮ ಅಪ್ಪ ‘ಈ ವಯಸ್ಸಿನಾಗ ಇದೆಲ್ಲ ಬೇಕಿತ್ತೇನ ನಿನಗ’ ಎಂದರು. ಅವರಿಗೆ ಯಾವ ವಯಸ್ಸಿನಲ್ಲೂ ಏನೂ ಬೇಕಿರಲಿಲ್ಲ. ನಿನ್ನ ಸರಪಳಿಯ ಮೊದಲನೆಯ ಕೊಂಡಿ ಹೊನ್ನೂರಪ್ಪನ ಮೆಣಸಿನಕಾಯಿ ಹೊಲ ಅಲ್ಲವೇ? ಮುಂಡಾಸು ಸುತ್ತಿ ನಗುತ್ತಿರುವ ಅವನ ಫೋಟೋ ಎಲ್ಲ ಪೊಟ್ಟಣದ ಜಾತಕದಲ್ಲೂ ಇದೆ. ಕಳೆದ ತಿಂಗಳು ಆ ಹೊಲದಿಂದ ಹದಿನೆಂಟು ಕ್ವಿಂಟಾಲ್ ಬಂದಿದೆ ಎಂದು ದಾಖಲೆ ಹೇಳುತ್ತದೆ. ಹೋಗಿ ನೋಡಿದರೆ ಹೊಲದ ತುಂಬ ಹತ್ತಿ ಬಿಡಿಸಿದ ಒಣ ಕಡ್ಡಿ. ‘ಹೋದ ವರ್ಷದಿಂದ ಹತ್ತಿ ಹಾಕೀನ್ರಿ ಅವ್ವಾರ. ನಿಮ್ಮ ಮಗ ಫೋಟೋ ತಗಂಡು ಹೋದಮ್ಯಾಲ ಈ ಕಡಿ ಬಂದೇ ಇಲ್ಲ’ ಎಂದ. ಹದಿನೆಂಟು ಕ್ವಿಂಟಾಲಿನ ವಿಷಯ ಓದಿ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ‘ನಾ ಬೆಳೀದಿದ್ರೂ ನನ್ನ ಹೊಲ ಬೆಳದೈತಲ್ರಿ! ನನಗಿಂತ ಹೊಲಾನೇ ಶಾಣ್ಯಾ ಆಗೈತಿ ಬಿಡ್ರಿ’ ಎಂದು ಮಜ್ಜಿಗೆ ತರಿಸಿದ. ಜಡೆಪ್ಪನನ್ನು ಕೇಳಿದರೆ, ಮಾರ್ಕೆಟಿನಲ್ಲಿ ಯಾವ ಕಾಯಿ ಸಿಕ್ಕಿದರೂ ಹೊನ್ನೂರಪ್ಪನ ಹೆಸರು ಒತ್ತುವುದಂತೆ. ಸಿರುಗುಪ್ಪದ ಕಡೆಯ ಕೊತ್ತಂಬರಿ ಕಾಳಿನ ಕಥೆಯೂ ಅಷ್ಟೇ ಇರಬೇಕು. ಅದನ್ನು ನೋಡಲು ನಾನು ಹೋಗಲಿಲ್ಲ. ಅಲ್ಲಿ ನನ್ನನ್ನು ಗುರುತು ಹಿಡಿಯುವವರು ಇನ್ನೂ ಇದ್ದಾರೆ, ಯಾವ ಕೆಲಸಕ್ಕೆ ಬಂದಿರಿ ಮೇಡಂ ಎಂದು ಕೇಳಿದರೆ ಏನು ಹೇಳಲಿ?

ಶುಕ್ರವಾರ ಇದೆಲ್ಲ ನಿನಗೆ ಫೋನಿನಲ್ಲಿ ಹೇಳಿದೆ. ನಾಲ್ಕೇ ನಾಲ್ಕು ನಿಮಿಷ ಕೊಟ್ಟೆ ನೀನು, ಅದೇ ದೊಡ್ಡದು. ‘ಅಯ್ಯೋ ಅಮ್ಮಾ, ತಪ್ಪಾತು’ ಎಂದು ಒಂದು ಮಾತು ಬರುತ್ತದೇನೋ ಎಂದು ಕಿವಿ ಕೊಟ್ಟು ಕಾದೆ. ‘ಏಕಾದಶಿ ವಿಷಯ ಒಳ್ಳೇ ಪಾಯಿಂಟ್ ಅಮ್ಮಾ’ ಎಂದೆ! ಇನ್ನು ಮೇಲೆ ಏಕಾದಶಿಗೆ ಶೆಡ್ ಮುಚ್ಚುವುದಂತೆ, ಬಕ್ರೀದ್ ದಿನ ಜಡೆಪ್ಪ ಖಾಲಿ ಶೆಡ್ಡಿನಲ್ಲಿ ಒಂದು ದಿನದ ಕೆಲಸ ತೋರಿಸುವುದಂತೆ. ಸುಳ್ಳಿಗೆ ಇಸ್ತ್ರಿ ಹೊಡೆಯುವ ಕಲೆಯನ್ನು ನಿನ್ನಿಂದ ಕಲಿಯಬೇಕು. ನಿನ್ನೆ ಕೊರಿಯರ್ ಬಂತು. ಆರು ಪುಟದ ಘೋಷಣಾ ಪತ್ರ, ಎಲ್ಲೆಲ್ಲಿ ಸಹಿ ಮಾಡಬೇಕೋ ಅಲ್ಲಲ್ಲಿ ಹಳದಿ ಚೀಟಿ. ‘ಇಂದಿರಾಬಾಯಿ ಆದ ನಾನು ಸ್ವತಃ ನನ್ನ ಕೈಯಾರೆ’ ಎಂದು ಶುರುವಾಗುತ್ತದೆ. ಹದಿನೇಳನೆಯ ತಾರೀಖು ಬಂಡವಾಳದವರ ಕಡೆಯಿಂದ ಪರಿಶೀಲನೆಗೆ ಬರುತ್ತಾರೆ, ನಾನು ಮಡಿ ಉಟ್ಟು ಶೆಡ್ಡಿನಲ್ಲಿ ಒನಕೆ ಹಿಡಿದು ಕೂರಬೇಕು. ರಹೀಮಾಬೀ ಅವತ್ತು ಓಣಿಯಲ್ಲೂ ಕಾಣಬಾರದು. ಅವರು ಹೋದ ಮೇಲೆ ಮಶೀನ್ ಬರುತ್ತದೆ, ಅವಳು ಬರುವುದೇ ಬೇಡ. ಇದಿಷ್ಟನ್ನೂ ಜಡೆಪ್ಪನ ಬಾಯಿಂದ ಅವಳಿಗೆ ಶನಿವಾರವೇ ಹೇಳಿಸಿದ್ದೀ. ಆರು ವರ್ಷ ದುಡಿದವಳಿಗೆ ನಿನ್ನ ಬಾಯಿಂದ ಹೇಳುವ ಧೈರ್ಯವೂ ಇಲ್ಲ. ನೀನು ಹೊಲದಲ್ಲಿಲ್ಲದ ಮೆಣಸಿನಕಾಯಿಗೆ ಜಾತಕ ಬರೆದವನು, ಬದುಕಿರುವ ಹೆಂಗಸಿಗೆ ಒಂದು ಸಾಲು ಕೊಡಲಾರದೆ ಹೋದೆ.

ನಿನ್ನೆ ಸಾಯಂಕಾಲ ಕೌಲ್ ಬಜಾರಿಗೆ ಹೋದೆ. ಆರು ವರ್ಷದಲ್ಲಿ ಮೊದಲನೆಯ ಸಲ ಅವಳ ಮನೆಯ ಹೊಸ್ತಿಲು ನೋಡಿದೆ ನಾನು. ರಹೀಮಾಬೀ ಮೊರದಲ್ಲಿ ಕೊತ್ತಂಬರಿ ಹಸನು ಮಾಡುತ್ತಿದ್ದಳು. ಕುರ್ಚಿ ಹಾಕಿಸಿದಳು, ಅಳಲಿಲ್ಲ, ಗೋಳಾಡಲಿಲ್ಲ. ‘ಮಶೀನ್ ಬರ್ತೈತಂತಲ್ರಿ ಬಾಯಾರ. ಆ ಮಶೀನಿಗೂ ಮಡಿ ಉಡಸ್ತಾರೇನ್ರಿ?’ ಎಂದಳು. ನನ್ನ ಫೋಟೋದ ವಿಷಯ ಅವಳಿಗೆ ಮೊದಲಿನಿಂದಲೂ ಗೊತ್ತಂತೆ. ಸೊಸೆ ಇರ್ಫಾನಾ ಫೋನಿನಲ್ಲಿ ತೋರಿಸಿದಳಂತೆ. ‘ಒನಕಿ ಉಲ್ಟಾ ಹಿಡದೀರ್ರಿ. ಕಬ್ಬಿಣದ ಬಳಿ ಮ್ಯಾಲ ಐತಿ. ಮನಿಮಂದಿಯೆಲ್ಲಾ ಭಾಳ ನಕ್ಕಿವ್ರಿ, ಮಾಫ್ ಮಾಡ್ರಿ’ ಎಂದಳು. ಸಾವಿರಾರು ಮಂದಿ ನೋಡಿದ ಫೋಟೋ, ತಿದ್ದಲು ಬಾರದ ದಾಖಲೆ, ಅದರಲ್ಲಿ ನಾನು ತಲೆಕೆಳಗಾದ ಒನಕೆ ಹಿಡಿದು ಹಲ್ಲು ಗಿಂಜಿದ್ದೇನೆ. ಮೆಂತ್ಯದ ಹದವನ್ನೂ ಅವಳೇ ಹೇಳಿದಳು. ನಮ್ಮತ್ತೆಯವರ ಅಳತೆ ಎಂದು ನಾನು ಬರೆದುಕೊಟ್ಟ ಚೀಟಿಯ ಪ್ರಕಾರ ಮಾಡಿದ ಮೊದಲನೆಯ ಸಲದ ಪುಡಿ ಬಾಯಿಗಿಡಲು ಆಗಲಿಲ್ಲವಂತೆ, ತಿಪ್ಪೆಗೆ ಹಾಕಿದಳಂತೆ. ಆಮೇಲೆ ಮೆಂತ್ಯ ಅರ್ಧ ಮಾಡಿ, ವಾಸನೆ ತಿರುಗಿದ ಕೂಡಲೇ ಇಳಿಸಿ, ತನ್ನ ಹದ ತಾನೇ ಕಂಡುಕೊಂಡಳಂತೆ. ಪುಣೆಯ ಹೆಣ್ಣುಮಗಳು ನನ್ನ ಕಾಲಿಗೆ ಬಿದ್ದದ್ದು ಆ ಹದಕ್ಕೆ.

‘ನಿನ್ನ ಹೆಸರು ಹಾಕಿಸ್ತೀನಿ ರಹೀಮಾ’ ಎಂದೆ. ಅವಳೇನು ಕುಣಿದಾಡಲಿಲ್ಲ. ‘ನನ್ನ ಹೆಸ್ರು ಹಾಕಿದ್ರ ಆ ಮಂದಿ ಪುಡಿ ತಗೋತಾರೇನ್ರಿ? ಕಂಪನಿನೇ ಮುಚ್ಚಿದ್ರ ಬರೇ ಹೆಸ್ರು ತಗಂಡು ನಾನೇನು ಮಾಡ್ಲಿ?’ ಎಂದಳು. ಸರಿಯಾದ ಮಾತು. ಮೊರ ಎರಡು ಸಲ ಕೇರಿದಳು. ‘ಮಶೀನ್ ಬಂದ್ರ ಹೆಂಗೂ ನನ್ನ ಕೆಲಸ ಹೋಗೂದೇ. ಹಾಕ್ರಿ ಹಾಕೂದಾದ್ರ. ಆರು ವರ್ಷ ನಾ ಏನು ಮಾಡ್ದೆ ಅಂತ ಎಲ್ಲ್ಯಾರ ಒಂದು ಕಡಿ ಇರ್ಲಿ. ಆದ್ರ ಒಂದು ಕೇಳ್ತೀನ್ರಿ ಬಾಯಾರ, ಸಿಟ್ಟಾಗಬ್ಯಾಡ್ರಿ. ಆ ಪುಡಿ ನೀವು ತಿಂದೀರೇನ್ರಿ? ಒಂದಿನಾರ?’

ತಿಂದಿಲ್ಲ ವಿಶ್ವ. ಒಂದು ದಿನವೂ ತಿಂದಿಲ್ಲ. ನಮ್ಮ ಮನೆಯ ಸಾರಿಗೆ ಆದವಾನಿಯಿಂದ ನಿಮ್ಮ ಸೋದರತ್ತೆ ಶ್ರೀವಲ್ಲಿ ಪುಡಿ ಕಳಿಸುತ್ತಾಳೆ. ನಿನ್ನ ಕಂಪನಿಯ ಮೊದಲನೆಯ ಪೊಟ್ಟಣ ನೀನು ನನ್ನ ಕೈಗಿಟ್ಟದ್ದನ್ನು ನಡುಮನೆಯ ಗೂಡಿನಲ್ಲಿಟ್ಟೆ, ಅಡುಗೆಮನೆಯ ಗೆರೆ ದಾಟಿಸಲಿಲ್ಲ. ನಾನು ತಿನ್ನದ್ದನ್ನು ಊರ ದೇವರಿಗೆಲ್ಲ ತಿನ್ನಿಸಿದೆ, ಮೇಲೆ ದಿನಾ ‘ಹೌದು’ ಒತ್ತಿದೆ. ನಿನ್ನನ್ನು ಇಷ್ಟು ಪುಟ ಬೈದಿದ್ದೇನೆ, ಬೈಸಿಕೊಳ್ಳಲು ನೀನು ಲಾಯಕ್ಕೇ. ಆದರೆ ಅವಳು ಕೇಳಿದ ಆ ಒಂದು ಮಾತಿಗೆ ನಾನು ಎದ್ದು ಸೀರೆ ಸರಿಮಾಡಿಕೊಂಡು, ಹೊತ್ತಾಯಿತು ಬರುತ್ತೇನೆ ಎಂದು ಹೇಳಿ ಹೊರಟುಬಂದೆ. ಅವಳು ಬಾಗಿಲವರೆಗೆ ಬಂದು ಆಟೊ ಹತ್ತಿಸಿದಳು. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಘೋಷಣಾ ಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ. ಹಳದಿ ಚೀಟಿಗಳನ್ನು ನಿಮ್ಮ ಅಪ್ಪ ಕಿತ್ತುಕೊಂಡು ಪಂಚಾಂಗದ ಏಕಾದಶಿಯ ಪುಟಗಳಿಗೆ ಅಂಟಿಸಿಕೊಂಡಿದ್ದಾರೆ, ನಿನ್ನ ಕಂಪನಿಯಿಂದ ಮನೆಗೆ ಆದ ಉಪಕಾರ ಅದೊಂದೇ. ಹದಿನೇಳಕ್ಕೆ ನಾನು ಶೆಡ್ಡಿಗೂ ಬರುವುದಿಲ್ಲ. ದಾಖಲೆ ಕೋಣೆಯಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತ ಹುಲುಗೇಶ್ ಒಂದು ಮಾತು ಹೇಳುತ್ತಿದ್ದರು: ‘ತಪ್ಪು ಬರದ್ರ ಕೆರೀಬ್ಯಾಡಮ್ಮ. ಒಂದೇ ಗೆರಿ ಎಳಿ, ಮಗ್ಗಲಿಗೆ ಸರಿ ಬರಿ, ತಾರೀಖು ಹಾಕಿ ಸಹಿ ಮಾಡು. ತಪ್ಪೂ ಕಾಣಬೇಕು, ತಪ್ಪು ಮಾಡಿದವರೂ ಕಾಣಬೇಕು.’ ಜಡೆಪ್ಪನನ್ನು ಕೇಳಿ ತಿಳಿದುಕೊಂಡೆ, ನಿನ್ನ ಬ್ಲಾಕ್‌ಚೈನಿನಲ್ಲೂ ಹಳೆಯದನ್ನು ಅಳಿಸಲು ಬರುವುದಿಲ್ಲವೇ ಹೊರತು ಹೊಸ ಸಾಲು ಸೇರಿಸಲು ಬರುತ್ತದಂತೆ. ಅಷ್ಟು ಖರ್ಚು ಮಾಡಿ ತಂದ ವಿದ್ಯೆ, ಹುಲುಗೇಶರ ಮಸಿ ಲೇಖನಿ ಮಾಡುತ್ತಿದ್ದ ಕೆಲಸವನ್ನಾದರೂ ಮಾಡಲಿ. ನೀನೇ ಬಾ. ಹದಿನೇಳರೊಳಗೆ ಬಂದು, ರಹೀಮಾಬೀಯ ಎದುರಿಗೆ ಕೂತು, ನಿನ್ನ ಕೈಯಿಂದಲೇ ಆ ಸಾಲು ಹಾಕು. ಕಂಪನಿ ಉಳಿದರೆ ಅವಳ ಹೆಸರಿನಲ್ಲಿ ಉಳಿಯಲಿ. ಹೋದರೆ ಹೋಗಲಿ, ಬಳ್ಳಾರಿಯಲ್ಲಿ ಸಾರಿನ ಪುಡಿ ಮಾರಿ ಬದುಕುವವರಿಗೆ ಬರ ಬಂದಿಲ್ಲ, ನೀನೂ ಒಂದು ತಕ್ಕಡಿ ಹಿಡಿದು ಕೂರು, ಕಣ್ಣಿಗೆ ಕಾಣುವಂತೆ ತೂಗಿ ಕೊಡು. ಪಾರದರ್ಶಕತೆ ಎಂದರೆ ಅದೇ.

ಸಿಟ್ಟಿನಲ್ಲಿ ಬರೆದಿದ್ದೇನೆ, ಸಿಟ್ಟು ಇಳಿದ ಮೇಲೂ ಇದನ್ನೇ ಬರೆಯುತ್ತಿದ್ದೆ. ಸಣ್ಣವನಿದ್ದಾಗ ಪಕ್ಕದ ಹುಡುಗನ ಬಳಪ ಕದ್ದು ತಂದು, ನಾನು ಕೇಳುವ ಮೊದಲೇ ಅತ್ತು ಹೇಳಿಬಿಟ್ಟವನು ನೀನು. ಆ ಮಗ ಎಲ್ಲಿ ಹೋದನೋ ಎಂದು ನನಗೆ ನಿದ್ದೆ ಬರುವುದಿಲ್ಲ. ಗುರುರಾಯರು ನಿನಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮೊದಲು ಬುದ್ಧಿ ಕೊಡಲಿ. ನಿಮ್ಮ ಅಪ್ಪನ ಆಶೀರ್ವಾದಗಳು. ಹೊಟ್ಟೆ ನೋಡಿಕೋ.

ನಿನ್ನ ಅಮ್ಮ,
ಇಂದಿರಾಬಾಯಿ

ತಾ.ಕ. ನೀನು ಬರುವವರೆಗೆ ಕಾಯಲಾಗಲಿಲ್ಲ. ಪತ್ರ ಮಡಚುವ ಹೊತ್ತಿಗೆ ಶೆಡ್ಡಿನ ಪ್ರಶ್ನೆ ಫೋನಿಗೆ ಬಂತು, ‘ಸ್ನಾನ, ಮಡಿ, ತಯಾರಿ ನೀವೇ?’ ಒತ್ತದೆ ಹಾಗೇ ಬಿಟ್ಟು ಎದ್ದೆ. ಜಡೆಪ್ಪನಿಗೆ ಹೇಳಿ ರಹೀಮಾ ನಿನ್ನೆ ಕುಟ್ಟಿದ ಪುಡಿ ತರಿಸಿ, ಸ್ನಾನ ಮಾಡಿ, ಮಡಿಯಲ್ಲೇ ಒಲೆಯ ಮುಂದೆ ನಿಂತು ಅದರಲ್ಲಿ ಸಾರು ಮಾಡಿದೆ. ಮೊದಲನೆಯ ತುತ್ತಿಗೆ ನೀರು ಕುಡಿಯಬೇಕಾಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯದು ಇಳಿಯಿತು. ಮೂರನೆಯ ಸಲ ಬಡಿಸಿಕೊಂಡೆ. ನಿಮ್ಮ ಅಪ್ಪ ‘ಶ್ರೀವಲ್ಲಿ ಪುಡಿ ಈ ಸಲ ಭಾಳ ಛಲೋ ಆಗೇದ’ ಎಂದರು. ಯಾರದೆಂದು ಹೇಳಿದೆ. ತಟ್ಟೆಯನ್ನೊಮ್ಮೆ ನೋಡಿ ಊಟ ಮುಂದುವರಿಸಿದರು. ಕೈ ತೊಳೆದು ಬಂದು ಫೋನ್ ತೆಗೆದು, ಎರಡು ವರ್ಷದಲ್ಲಿ ಮೊದಲನೆಯ ಸಲ ‘ಇಲ್ಲ’ ಒತ್ತಿದೆ. ಕಾರಣ ಬರೆಯಿರಿ ಎಂದಿತು, ಬರೆದೆ. ಈ ಹೊತ್ತಿಗೆ ಪುಣೆಯವರಿಗೂ ಕಾಣುತ್ತಿರಬೇಕು, ನಿನ್ನ ಹೈದರಾಬಾದಿನವರಿಗೂ: ‘ಕುಟ್ಟಿದವರು ರಹೀಮಾಬೀ, ಕೌಲ್ ಬಜಾರ್. ಹಿಂದಿನ ಆರುನೂರ ಹನ್ನೊಂದೂ ಇವರವೇ. ಸುಳ್ಳು ಹೇಳಿದವಳು ಇಂದಿರಾಬಾಯಿ.’